ಪೇಟೆಯಲ್ಲಿ ಮಬ್ಬಾಗುವ ಕಣ್ಣು

ಮಾವನ ಕಣ್ಣು ಮಂಜಾಗಿದೆ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿಬಿಟ್ಟಿದ್ದರು. ಕಣ್ಣಿನ ಡಾಕ್ಟರೊಬ್ಬರನ್ನು ಬಿಟ್ಟು ಉಳಿದವರೆಲ್ಲ ತಮ್ಮ ಅಭಿಪ್ರಾಯ ಕೊಟ್ಟಾಗಿತ್ತು. ಡಾಕ್ಟರ ಹತ್ತಿರ ಹೋಗೋಣ ಎಂದರೆ ಮಾವ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಹೋದ ವಾರ ಸಂಜೆ ಹಳೇ ಲಾರಿಯನ್ನು ಒಳಗೆ ತರುವಾಗ ಗೇಟಿನ ಕಂಬಕ್ಕೆ ಉಜ್ಜಿದ್ದೇ ತಡ, ಅತ್ತೆ ಕಡ್ಡಿ ಮುರಿದಂತೆ ಹೇಳಿದರು: "ಸಾಕು ನಿಮ್ಮ ಡ್ರೈವರ್‌ಗಿರಿ. ಸೋಮವಾರದಿಂದ ಮಗ ಓಡಿಸಲಿ." ಆ ಸೋಮವಾರ ಎಂದರೆ ನಾಳೆ.

ಮಾವ ತುಟಿಪಿಟಕ್ಕೆನ್ನಲಿಲ್ಲ. ಸೊಸೆಗೆ ಸರಿಬಾರದಿದ್ದದ್ದು ಅದೇ. ಮೇಜು, ಮಂಚ, ಬೀರು ಹೇರಿಕೊಂಡು ಆಯುಷ್ಯವಿಡೀ ರಸ್ತೆ ಸವೆಸಿದ ಮನುಷ್ಯ, ಟೀಗೆ ಸಕ್ಕರೆ ಕಡಿಮೆಯಾದರೆ ಮನೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುವ ಮನುಷ್ಯ, ಲಾರಿ ಬಿಡಿ ಎಂದರೆ ಹೀಗೆ ತಲೆ ತಗ್ಗಿಸುವುದೇ?

ಸೊಸೆ ಒಂದು ಗ್ಯಾರೇಜಿನಲ್ಲಿ ವಾಹನಗಳ ವೈರಿಂಗ್ ಕೆಲಸದವಳು. ಏನು ಕಂಡರೂ "ಯಾಕೆ?" ಅನ್ನದೆ ಬಿಡದ ಸ್ವಭಾವ. ಅದಕ್ಕೇ ಅತ್ತೆ ಅವಳನ್ನು ಯಾಕಮ್ಮ ಎಂದೇ ಕರೆಯುವುದು. ಈ ಯಾಕಮ್ಮ ಊರವರ ಗಾಡಿಗಳನ್ನೆಲ್ಲ ಬಿಚ್ಚಿ ನೋಡಿದ್ದಳು, ಮನೆಯ ಲಾರಿಯೊಂದನ್ನು ಬಿಟ್ಟು. ಅದರ ರಿಪೇರಿಗೆ ಮಾವ ಯಾರನ್ನೂ ಕೈ ಹಾಕಲು ಬಿಟ್ಟವರಲ್ಲ. ನಾಳೆ ಗಂಡನ ಕೈಗೆ ಬರುವ ಗಾಡಿ, ಒಮ್ಮೆ ನೋಡಿಬಿಡೋಣ ಎಂದು ಭಾನುವಾರ ಮಧ್ಯಾಹ್ನ ವೋಲ್ಟ್ ಅಳೆಯುವ ಮೀಟರ್ ಹಿಡಿದು ಶೆಡ್ಡಿಗೆ ಹೋದರೆ, ಮಾವ ಫುಟ್‌ಬೋರ್ಡಿನ ಮೇಲೆ ಕೂತು ಬಟ್ಟೆಯಲ್ಲಿ ಹೆಡ್‌ಲೈಟಿನ ಗಾಜು ಒರೆಸುತ್ತಿದ್ದರು. ಬೇಡವೆನ್ನಲಿಲ್ಲ. ಬಾನೆಟ್ಟನ್ನೂ ತಾವೇ ಎತ್ತಿಕೊಟ್ಟರು.

"ಮಾವ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಷ್ಟೊತ್ತಿಗೆ ಮಬ್ಬಾಗುತ್ತೆ ನಿಮಗೆ?"

"ಸಂಜೆ. ಹೊರಟಾಗ ಚೆನ್ನಾಗೇ ಕಾಣುತ್ತಮ್ಮ. ನಾಲ್ಕು ಮನೆಗೆ ಸಾಮಾನು ಇಳಿಸಿ ಬರೋ ಹೊತ್ತಿಗೆ ರಸ್ತೆ ಮಸುಕು ಮಸುಕು. ಕಣ್ಣು ಸುಸ್ತಾಗಿಬಿಡುತ್ತೆ."

"ಹೆದ್ದಾರೀಲಿ?"

"ಅಲ್ಲಿ ಏನೂ ತೊಂದರೆ ಇಲ್ಲ. ಮೈಲಿಗಟ್ಟಲೆ ಹೋದ್ರೂ ಹಾಲಿನ ಹಾಗೆ ಬೆಳಕು. ಈ ಪೇಟೆಯ ಗಲ್ಲಿಗಳೇ ಕಣ್ಣಿಗೆ ಆಗಿಬರೋದಿಲ್ಲ."

ಸೊಸೆಯ ಕೈ ಅಲ್ಲೇ ನಿಂತಿತು. ಹೆದ್ದಾರಿಯಲ್ಲಿ ಕಾಣುವ ಕಣ್ಣು ಪೇಟೆಗೆ ಬಂದರೆ ಕಾಣುವುದಿಲ್ಲವೆಂದರೆ ಅದೆಂಥ ಕಣ್ಣು? ಮಗ ಲಾರಿ ಓಡಿಸಿದ್ದರೆ ಹಗಲಲ್ಲಿ ಮಾತ್ರ. ಸಂಜೆಯ ಪಾಳಿಯಲ್ಲಿ ಮಾವನ ಜೊತೆ ಕೂರುತ್ತಿದ್ದವರು ಅತ್ತೆ. ಅವರು ನೋಡುತ್ತಿದ್ದದ್ದು ರಸ್ತೆಯನ್ನಲ್ಲ, ಸ್ಟೇರಿಂಗಿನ ಮೇಲೆ ಬಗ್ಗಿ ಕಣ್ಣು ಕಿರಿದು ಮಾಡುವ ಗಂಡನನ್ನು.

ಅವಳು ಬ್ಯಾಟರಿಗೆ ಮೀಟರ್ ಹಚ್ಚಿದಳು. ಹನ್ನೆರಡು ವೋಲ್ಟಿನ ಮೇಲೆ ಚೂರು. ಎಂಜಿನ್ ಶುರು ಮಾಡಿಸಿದಳು. ಮುಳ್ಳು ಏರಬೇಕಿತ್ತು, ಬದಲಿಗೆ ಇನ್ನೂ ಕೂದಲೆಳೆಯಷ್ಟು ಇಳಿಯಿತು. ಬೆಲ್ಟ್ ಒತ್ತಿ ನೋಡಿದಳು, ಬಿಗಿಯಾಗಿದೆ. ವೈರುಗಳೆಲ್ಲ ಗಟ್ಟಿಯಾಗಿವೆ. ಹಾಗಾದರೆ ಬ್ಯಾಟರಿಗೆ ಕರೆಂಟು ತುಂಬುವ ಡೈನಮೋ ಸತ್ತಿರಬೇಕು.

"ಮಾವ, ಒಂದ್ಸಲ ಆಕ್ಸಿಲರೇಟರ್ ಜೋರಾಗಿ ಒತ್ತಿ."

ಒತ್ತಿದರು. ಮುಳ್ಳು ಛಂಗನೆ ಹದಿನಾಲ್ಕಕ್ಕೆ ನೆಗೆಯಿತು. ಕಾಲು ತೆಗೆದರೂ ಅಲ್ಲೇ ನಿಂತಿತು. ಸತ್ತದ್ದು ಹೀಗೆ ನೆಗೆಯುವುದುಂಟೇ? ಆರಿಸಿ ಮತ್ತೆ ಶುರು ಮಾಡಿಸಿದಳು: ಮತ್ತೆ ಹನ್ನೆರಡು. ಅವಳಿಗೆ ಮೈಯೆಲ್ಲ ಕುತೂಹಲ. ಅತ್ತೆ ಊಟಕ್ಕೆ ಕರೆದದ್ದು ಕಿವಿಗೇ ಬೀಳಲಿಲ್ಲ.

ಎಂಜಿನ್ ಆರಿಸಿ, ಕ್ಯಾಬಿನ್ ಹತ್ತಿ, ಕೀಯನ್ನು ಅರ್ಧ ತಿರುಗಿಸಿ ಡ್ಯಾಶ್‌ಬೋರ್ಡ್ ನೋಡಿದಳು. ಬ್ಯಾಟರಿ ಗುರುತಿನ ಕೆಂಪು ದೀಪ ಹತ್ತಲಿಲ್ಲ. ಸ್ಕ್ರೂ ಬಿಚ್ಚಿ ಹಿಂದಕ್ಕೆ ಕೈ ತೂರಿಸಿದರೆ ಹೋಲ್ಡರ್ ಖಾಲಿ. ಬಲ್ಬೇ ಇಲ್ಲ.

"ಇಲ್ಲಿನ ಕೆಂಪು ಬಲ್ಬ್ ಯಾರು ತೆಗೆದ್ರು?"

"ಅದು ಸುಟ್ಟುಹೋಗಿದೆ ಅಂದ್ಕೊಂಡಿದ್ದೆ ನಾನು," ಎಂದರು ಮಾವ.

"ಸುಟ್ಟಿಲ್ಲ. ನಾನೇ ಕಿತ್ತದ್ದು," ಎಂಬ ದನಿ ಬಾಗಿಲಿನಿಂದ ಬಂತು. ಊಟಕ್ಕೆ ಕರೆದು ಕರೆದು ಸಾಕಾಗಿ ಅತ್ತೆ ತಾವೇ ಬಂದಿದ್ದರು. "ಮತ್ತೇನು ಮಾಡಲಿ? ಅದು ಮಿಣಕ್ ಅಂದರೆ ಸಾಕು, ಇವರು ನಡುರಸ್ತೇಲಿ ಗಾಡಿ ನಿಲ್ಲಿಸಿ ಬಾನೆಟ್ ಎತ್ತೋರು. ಮನೆಗೆ ಬಂದರೂ ಅದೇ ಚಿಂತೆ, ನಿದ್ದೆ ಇಲ್ಲ. ಗಾಡಿ ಒರೆಸುವಾಗ ಕಿತ್ತು ಸೂಜಿದಾರದ ಡಬ್ಬಿಗೆ ಹಾಕಿದೆ. ಅದೊಂದು ಹೆದರಿಸೋ ದೀಪ ತಾನೆ? ಇಲ್ಲದಿದ್ದರೆ ಗಂಟೇನು ಹೋಗುತ್ತೆ?"

"ಹೆದರಿಸೋದಷ್ಟೇ ಅಲ್ಲ ಅತ್ತೆ ಅದರ ಕೆಲಸ. ಈ ಡೈನಮೋ ತಾನಾಗಿ ಏಳಲ್ಲ. ಆ ಬಲ್ಬಿನಿಂದ ಹೋಗೋ ಚೂರು ಕರೆಂಟು ಅದನ್ನ ಎಬ್ಬಿಸಬೇಕು. ಇಲ್ಲಾಂದ್ರೆ ಹೆದ್ದಾರೀಲಿ ಜೋರಾಗಿ ಓಡಿಸಿದಾಗ ಮಾತ್ರ ಏಳುತ್ತೆ. ಪೇಟೇಲಿ ಮನೆಮನೆಗೂ ಎಂಜಿನ್ ಆರಿಸಿ, ಮತ್ತೆ ನಿಧಾನಕ್ಕೆ ಹೊರಟರೆ ಮಲಗೇ ಇರುತ್ತೆ, ನಿಮ್ಮ ಮಗನ ಹಾಗೆ. ಆಗ ಲೈಟು ಬ್ಯಾಟರೀನ ಹೀರಿ ಹೀರಿ ಮಂಕಾಗುತ್ತೆ."

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಮನೆಗೆ ಹೋಗಿ ಡಬ್ಬಿ ತಂದರು. ಗುಂಡಿಗಳ ನಡುವೆ ಬಲ್ಬ್ ಇತ್ತು.

ಸೊಸೆ ಅದನ್ನು ಹಾಕಿ ಕೀ ತಿರುಗಿಸಿದಳು. ಕೆಂಪು ದೀಪ ಹತ್ತಿತು. ಎಂಜಿನ್ ಶುರುವಾದದ್ದೇ ಆ ದೀಪ ಆರಿತು, ಮುಳ್ಳು ಹದಿನಾಲ್ಕಕ್ಕೆ ಹೋಯಿತು. ಕತ್ತಲಾಗಲೆಂದು ಶೆಡ್ಡಿನ ಬಾಗಿಲು ಅರ್ಧ ಎಳೆದು, ಹೆಡ್‌ಲೈಟ್ ಹಾಕಿ, ಎಂಜಿನ್ನನ್ನು ಹಾಗೇ ನಿಧಾನಕ್ಕೆ ಓಡಲು ಬಿಟ್ಟಳು. ಮೂವರೂ ಬೆಳಕು ಬಿದ್ದ ಎದುರು ಗೋಡೆ ನೋಡುತ್ತಾ ನಿಂತರು. ಸುಮಾರು ಹೊತ್ತಾದರೂ ಬೆಳಕು ಕುಗ್ಗಲಿಲ್ಲ.

"ಮಾವ, ಏನು ಕಾಣುತ್ತೆ?"

"ಬಿರುಕು ಕಾಣುತ್ತೆ. ಬಿರುಕಿನ ಪಕ್ಕ ಜೇಡ. ಅದಕ್ಕೊಂದು ಕಾಲಿಲ್ಲ." ಅಷ್ಟು ಹೇಳಿ ಅವರು ಫುಟ್‌ಬೋರ್ಡಿನ ಮೇಲೆ ಕುಸಿದು ಕೂತರು. ನಗುತ್ತಿದ್ದಾರೆ ಎಂದುಕೊಂಡಳು ಸೊಸೆ. ನಗುತ್ತಿರಲಿಲ್ಲ.

"ನಾನು ಅಭ್ಯಾಸ ಮಾಡ್ಕೋತಿದ್ದೆ ಕಣೇ," ಎಂದರು ಹೆಂಡತಿಗೆ. "ಕಣ್ಣು ಮುಚ್ಕೊಂಡು ಅಂಗಿ ಗುಂಡಿ ಹಾಕೋದು, ಚಪ್ಪಲಿ ಹುಡುಕೋದು, ಗಡ್ಡ ಹೆರೆಯೋದು. ನಾಳೆ ಪೂರ್ತಿ ಹೋದರೆ ನಿನಗೆ ಭಾರ ಆಗಬಾರದಲ್ಲ. ಎಲ್ಲಾ ಬಂತು. ನಿನ್ನ ಮುಖ ಒಂದು ಬರಲಿಲ್ಲ. ಕಣ್ಣು ಮುಚ್ಚಿದರೆ ಮದುವೆ ಹೊತ್ತಿನ ಮುಖ ಬರುತ್ತೆ, ಈಗಿನದು ಬರಲ್ಲ. ಅದಕ್ಕೇ ದಿನಾ ಊಟದ ಹೊತ್ತಲ್ಲಿ ನೋಡಿ ನೋಡಿ ಬಾಯಿಪಾಠ ಮಾಡ್ತಿದ್ದೆ."

"ನಾನು ಅಡಿಗೆಗೆ ಉಪ್ಪು ಹೆಚ್ಚಾಯ್ತೇನೋ, ಅದಕ್ಕೇ ದುರುಗುಟ್ಟಿ ನೋಡ್ತೀರಿ ಅಂದ್ಕೊಂಡೆ," ಎಂದರು ಅತ್ತೆ. ಸೆರಗಿನಿಂದ ಮೂಗು ಒರೆಸಿಕೊಂಡು ಅವರ ಪಕ್ಕದಲ್ಲೇ ಕೂತರು. "ನಾನೇ ಬಲ್ಬ್ ಕಿತ್ತು, ನಾನೇ ನಿಮ್ಮ ಕಣ್ಣು ಹೋಯ್ತು ಅಂದೆನಲ್ಲ. ನನ್ನ ಬಾಯಿಗಿಷ್ಟು ಮಣ್ಣು ಹಾಕ."

"ಲೈಟು ಸರಿಯಾಯ್ತು ಅಂತ ಕಣ್ಣೂ ಸರಿಯಿದೆ ಅಂತ ನಾನು ಹೇಳಲಾರೆ," ಎಂದಳು ಯಾಕಮ್ಮ, ಮೀಟರಿನ ವೈರು ಸುತ್ತುತ್ತಾ. "ಅದನ್ನ ನೋಡೋ ಮೀಟರ್ ನನ್ನ ಹತ್ತಿರ ಇಲ್ಲ."

"ನಾಳೆ ಡಾಕ್ಟರ ಹತ್ತಿರ ಹೋಗೋಣ," ಎಂದರು ಮಾವ. ಅಷ್ಟು ದಿನ ಯಾರು ಹೇಳಿದರೂ ಕೇಳದವರು, ಯಾರೂ ಹೇಳದೆಯೇ ಹೇಳಿದರು. ಹೇಳುವಾಗಲೂ ಅತ್ತೆಯ ಮುಖದಿಂದ ಕಣ್ಣು ತೆಗೆದಿರಲಿಲ್ಲ.