ಬೇರಿಂಗಿನ ಸದ್ದು

ವ್ಯಾನಿನ ಎಂಜಿನ್ ಆಫ್ ಮಾಡಿದ ಮೇಲೂ ಬೇರಿಂಗಿನ ಸದ್ದು ನಿಲ್ಲಲಿಲ್ಲ. ಮೇಸ್ತ್ರಿ ಅಂಗೈಯಲ್ಲಿದ್ದ ಕೀಲಿಯನ್ನು ನೋಡಿದ. ಕೀಲಿ ಇಲ್ಲಿದೆ, ಎಂಜಿನ್ ತಣ್ಣಗಾಗುತ್ತಿದೆ, ಗುಂಯ್ ಅನ್ನುವುದು ಮಾತ್ರ ತನ್ನ ಪಾಡಿಗೆ ತಾನು ಗುಂಯ್ ಅನ್ನುತ್ತಲೇ ಇದೆ. ಅದನ್ನು ಹುಡುಕಿಕೊಂಡೇ ಎರಡು ದಿನ ಗೇರ್ ಬಾಕ್ಸ್ ಇಳಿಸಿ ಏರಿಸಿದ್ದ. ಹಳೆಯ ಬೇರಿಂಗ್ ಒಂಚೂರೂ ಸವೆಯದೆ ಕನ್ನಡಿಯ ಹಾಗಿತ್ತು, ಆದರೂ ಬದಲಾಯಿಸಿದ್ದ. ವ್ಯಾನು ಸ್ವಂತ ಅಕ್ಕನದು. ಶಾಲೆಗೆ ಮಕ್ಕಳನ್ನು ಬಿಡುವ ಅವಳು ಎರಡು ದಿನವೂ ಹದಿನಾಲ್ಕು ಮಕ್ಕಳ ಅಪ್ಪ ಅಮ್ಮಂದಿರಿಂದ ಬೈಸಿಕೊಂಡಿದ್ದಳು. "ನನಗೇನೂ ಸದ್ದು ಕೇಳಿಸ್ತಿಲ್ಲವಲ್ಲೋ" ಅಂದದ್ದಕ್ಕೆ, "ನಿನಗೆ ಹಾರ್ನ್ ಬಿಟ್ರೆ ಇನ್ನೇನು ಕೇಳಿಸುತ್ತೆ?" ಎಂದು ಬಾಯಿ ಮುಚ್ಚಿಸಿದ್ದ.

ಹಾಗನ್ನುವ ಅಧಿಕಾರ ಅವನಿಗಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಎಡಗಿವಿಗೆ ಇಟ್ಟನೆಂದರೆ ರೋಗ ಇಂಥದ್ದೇ ಎಂದುಬಿಡುತ್ತಿದ್ದ. ಕಿವಿ ಮೇಸ್ತ್ರಿ ಎಂದೇ ಹೆಸರು. ಬೇರೆ ಗ್ಯಾರೇಜಿನವರು ಕೈಚೆಲ್ಲಿದ ಗಾಡಿಗಳೆಲ್ಲ ಅವನಲ್ಲಿಗೇ ಬರುತ್ತಿದ್ದವು.

ಈಗ ಆ ಕಿವಿಗೆ ಯಾರೋ ಹತ್ತಿ ತುರುಕಿದಂತಾಯಿತು. ಮರುಕ್ಷಣ ಗ್ಯಾರೇಜೇ ಗಿರ್ರನೆ ತಿರುಗಿತು. ಬಂಪರನ್ನು ತಬ್ಬಿ ಕೂತು, ಕೂತಲ್ಲೇ ವಾಂತಿ ಮಾಡಿಕೊಂಡ.

"ಏನ್ ಮೇಸ್ತ್ರಿ, ಸಂಜೆಯಾಗೋವರೆಗೂ ಕಾಯಲ್ವಾ?" ಎಂದ ಎದುರಿನ ಪಂಕ್ಚರ್ ಅಂಗಡಿಯವನು, ಹೆಬ್ಬೆರಳನ್ನು ಬಾಯಿಗೆ ತೋರಿಸುತ್ತ.

ವ್ಯಾನಿಗೆಂದು ಬಂದ ಅಕ್ಕ ತಮ್ಮನ ಬಾಯಿ ಮೂಸಿ ನೋಡಿದಳು. "ಕುಡಿದಿದ್ರೇ ವಾಸಿಯಿತ್ತು" ಎಂದು ಕಿವಿ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು.

ಅಲ್ಲಿ ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಬಲಗಿವಿಯ ಸರದಿಯಲ್ಲಿ ಕೇಳಿಸಿದ್ದಕ್ಕೆ ಒತ್ತಿದ. ಎಡಗಿವಿಯ ಸರದಿಯಲ್ಲಿ ಮರ್ಯಾದೆ ಉಳಿಸಿಕೊಳ್ಳಲು ಒತ್ತಿದ. ಡಾಕ್ಟರಮ್ಮ ಮೋಸ ಹೋಗಲಿಲ್ಲ.

"ಒಳಕಿವಿಯಲ್ಲಿ ನೀರಿನಂಥದ್ದೊಂದು ಇರುತ್ತೆ. ನಿಮಗದು ಹೆಚ್ಚಾಗಿದೆ. ಕೇಳೋದೂ ಅಲ್ಲಿಂದಲೇ, ನೆಟ್ಟಗೆ ನಿಲ್ಲೋದೂ ಅಲ್ಲಿಂದಲೇ. ಅದಕ್ಕೇ ಎರಡೂ ಒಟ್ಟಿಗೆ ಕೈಕೊಡ್ತಿವೆ."

"ಯಾವ ಪಾರ್ಟ್ ಹಾಕಬೇಕು ಹೇಳಿ."

"ಪಾರ್ಟ್ ಸಿಗಲ್ಲ. ಮಾತ್ರೆ ಕೊಡ್ತೀನಿ, ಉಪ್ಪು ಕಡಿಮೆ ಮಾಡಿ. ತಲೆಸುತ್ತು ಹತೋಟಿಗೆ ಬರಬಹುದು. ಆದರೆ ಬರೋ ಮುಂಚೆ ಹೇಳಿ ಬರಲ್ಲ; ಸದ್ಯಕ್ಕೆ ಗಾಡಿ ಓಡಿಸಬೇಡಿ. ಕಿವಿ ಬರ್ತಾ ಬರ್ತಾ ಇನ್ನೂ ಮಂದ ಆಗಬಹುದು. ಸದ್ದು ಹೇಗಿರುತ್ತೆ?"

"ಗುಂಯ್ ಅಂತ. ಗೇರ್ ಬಾಕ್ಸ್ ಬೇರಿಂಗ್ ಹೋದ..." ನಾಲಿಗೆ ಕಚ್ಚಿಕೊಂಡ.

ಪಕ್ಕದ ಕುರ್ಚಿಯಲ್ಲಿ ಅಕ್ಕ ನಿಧಾನವಾಗಿ ಇತ್ತ ತಿರುಗಿದಳು. "ಯಾರ ಗೇರ್ ಬಾಕ್ಸು?"

ಡಾಕ್ಟರಮ್ಮ ಬಹಳ ಶ್ರದ್ಧೆಯಿಂದ ಪೆನ್ನಿಗೆ ಮುಚ್ಚಳ ಹಾಕತೊಡಗಿದರು.

ವ್ಯಾನಿನಲ್ಲಿ ಹಿಂತಿರುಗುವಾಗ ಅಕ್ಕ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಹೀಗೆ ಎಷ್ಟು ಗಾಡಿ ಬಿಚ್ಚಿದೀಯ?"

"ನಿನ್ನದು ಮೂರನೇದು." ಮತ್ತೆ ಅವನೇ, "ಯಾರಿಗೂ ಹೇಳಬೇಡ ಕಣೇ ಅಕ್ಕ. ಕಿವಿ ಹೋಯ್ತು ಅಂದ್ರೆ ಗ್ಯಾರೇಜಿಗೆ ಯಾರು ಬರ್ತಾರೆ?" ಎಂದ.

"ನಾನ್ಯಾಕೆ ಹೇಳ್ಲಿ? ನಾಲ್ಕನೇ ಗಾಡಿ ಬಿಚ್ಚೋ ಮುಂಚೆ ನೀನೇ ಹೇಳು."

ಮುಂದಿನ ವಾರವಿಡೀ ಅವನಿಗೆ ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಗೋಡೆ ಬೇಕೆನಿಸುತ್ತಿತ್ತು. ನಿಂತ ನೆಲವನ್ನೇ ಸಾಲಗಾರನನ್ನು ನೋಡುವಂತೆ ಅನುಮಾನದಿಂದ ನೋಡುತ್ತಿದ್ದ. ಹೀಗಿರುವಾಗಲೇ ಇಸ್ತ್ರಿ ಅಂಗಿಯ ವಕೀಲರೊಬ್ಬರು ಕಾರು ತಂದು ನಿಲ್ಲಿಸಿದರು.

"ಏನೋ ಸದ್ದು ಮೇಸ್ತ್ರಿ. ನೀವೇ ಕೇಳಿ ಹೇಳಬೇಕು. ಗೇರ್ ಬಾಕ್ಸ್ ಇರಬಹುದಾ?"

ಮೇಸ್ತ್ರಿ ಬಾನೆಟ್ಟಿನ ಮೇಲೆ ಬಾಗಿದ. ಎಲ್ಲವೂ ಗುಂಯ್ ಅನ್ನುತ್ತಿತ್ತು. ಇದರಲ್ಲಿ ಕಾರಿನದೆಷ್ಟು, ತನ್ನದೆಷ್ಟು? ಹೂಂ ಅಂದರೆ ಮುಗಿಯಿತು. ವಕೀಲರೇ ದಾರಿ ಮಾಡಿಕೊಟ್ಟಿದ್ದಾರೆ.

"ಗೊತ್ತಾಗ್ತಿಲ್ಲ ಸಾರ್" ಎಂದ. "ನನ್ನ ಎಡಗಿವಿ ಹೋಗಿದೆ."

ಎದುರಂಗಡಿಯಲ್ಲಿ ಟೈರಿಗೆ ಬೀಳುತ್ತಿದ್ದ ಸುತ್ತಿಗೆ ನಿಂತಿತು.

"ನಿಮಗೆ ಕೇಳಿಸಿದ್ದು ಹೇಗಿತ್ತು, ಮಾಡಿ ತೋರಿಸಿ" ಎಂದ ಮೇಸ್ತ್ರಿ.

"ಮಾಡಿ... ಅಂದ್ರೆ? ಬಾಯಲ್ಲಾ?"

"ಬಾಯಲ್ಲೇ. ಈ ಕಡೆ ಬನ್ನಿ." ಮೇಸ್ತ್ರಿ ಬಲಗಿವಿ ಒಡ್ಡಿದ.

ವಕೀಲರು ಬೀದಿಯ ಆಚೀಚೆ ನೋಡಿ, ಕೆನ್ನೆ ಉಬ್ಬಿಸಿದರು. "ಟರ್ರ್... ಟಕ್. ಟರ್ರ್... ಟಕ್."

"ಏರಲ್ಲಾ, ಇಳಿಜಾರಲ್ಲಾ?"

"ಏರಲ್ಲಿ."

"ಹಾಗಾದ್ರೆ ಏರಲ್ಲಿ ಹೋಗ್ತಿರೋ ಹಾಗೆ ಮಾಡಿ."

ವಕೀಲರು ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಮೊಣಕಾಲು ಬಗ್ಗಿಸಿ, ಕಣ್ಣು ಮುಚ್ಚಿ, ಮುಖ ಕೆಂಪಾಗುವಷ್ಟು ಉಸಿರು ತುಂಬಿಕೊಂಡು, ಮೊದಲಿಗಿಂತ ಜೋರಾಗಿ ಶುರುಮಾಡಿದರು. ಮೇಸ್ತ್ರಿ ಅದುರುತ್ತಿದ್ದ ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಬೆರಳುಗಳನ್ನು ಒಂದೊಂದಾಗಿ ಅಗಲಿಸಿ, ಕಿವಿಗೆ ಸಿಗದ ಆ ಟಕ್ ಅನ್ನು ಅದುರಿನಲ್ಲಿ ಹುಡುಕತೊಡಗಿದ.