ಇಬ್ಬರ ಹೆಸರಲ್ಲಿ

ಆಟೋದಿಂದ ಹಾರ್ಮೋನಿಯಂ ಪೆಟ್ಟಿಗೆ ಇಳಿಸುತ್ತಿದ್ದ ಮೂವರನ್ನು ಕಂಡು ತಿಮ್ಮಕ್ಕ, ಇವರು ಯಾರದೋ ಮನೆ ಹುಡುಕಿಕೊಂಡು ತಪ್ಪಿ ಇಲ್ಲಿಗೆ ಬಂದಿದ್ದಾರೆ ಎಂದುಕೊಂಡಳು. ಆದರೆ ಶ್ರೀನಗರದ ಆ ಗಲ್ಲಿಯಲ್ಲಿ ಶಾಮಿಯಾನ ಹಾಕಿದ್ದು ಅವಳ ಮನೆಯ ಮುಂದೆ ಮಾತ್ರ. ಗಂಡನನ್ನು ಮಲಗಿಸಿದ್ದ ಗಾಜಿನ ಪೆಟ್ಟಿಗೆಯ ಪಕ್ಕ ಕೂತು ದೀಪಕ್ಕೆ ಎಣ್ಣೆ ಹಾಕುತ್ತಿದ್ದವಳು ಹಾಗೇ ಕತ್ತೆತ್ತಿ ನೋಡಿದಳು.

ಮುಂದೆ ಬಂದವನು ಎತ್ತರದ ಆಳು. ಬಿಳಿ ಪಂಚೆ, ತಲೆಗೂದಲಿಗೆ ಅಚ್ಚುಕಟ್ಟಾಗಿ ಹಚ್ಚಿದ ಕಪ್ಪು ಬಣ್ಣ. ಹೆಣದ ಮುಂದೆ ನಿಂತವನೇ ಮಕ್ಕಳ ಹಾಗೆ ಬಿಕ್ಕತೊಡಗಿದ.

"ಹೋಗ್ಬಿಟ್ಯಲ್ಲೋ ರಾಜಾ! ಶಿವರಾತ್ರಿಗೆ ನಾಟ್ಕ ಇಟ್ಕೊಂಡು ಹೋಗ್ಬಿಟ್ಯಲ್ಲೋ! ಕಿರೀಟ ಇನ್ಯಾರ್ ತಲೆಗೆ ಇಡ್ಲೋ ನಾನು?"

"ಅಣ್ಣ, ನಿಮಗೆ ಯಾರ ಮನೆ ಬೇಕಿತ್ತು?" ಎಂದಳು ತಿಮ್ಮಕ್ಕ. "ಇವರು ಬೋರಯ್ಯ. ಬೊಮ್ಮನಹಳ್ಳಿ ಗಾರ್ಮೆಂಟ್ಸಲ್ಲಿ ಕಟಿಂಗ್ ಮಾಸ್ಟರ್ ಆಗಿದ್ರು."

"ನಮ್ ಬೋರಯ್ಯಾನೇ ಅಲ್ವಾ ಅಕ್ಕ. ನಾನು ಬೈರಣ್ಣ, ಬೇಗೂರು. ಡ್ರಾಮಾ ಮೇಷ್ಟ್ರು. ನಿಮ್ಮೆಜಮಾನ್ರು ನಮ್ ಕಂಪನಿ ರಾಜಪಾರ್ಟು. ಹೋದ್ ವರ್ಷ ಆನೇಕಲ್ ಕಡೆ ಮೂರು ಸಲ ಒನ್ಸ್ ಮೋರ್ ಬಿದ್ದಿತ್ತು."

"ಅವರು ಬಣ್ಣ ಹಚ್ಚೋದು ಬಿಟ್ಟು ಇಪ್ಪತ್ತೈದು ವರ್ಷದ ಮೇಲಾಯ್ತು."

ಬೈರಣ್ಣ ಪಕ್ಕದಲ್ಲಿದ್ದ ಅವಳ ಮಗ ಭೀಮೇಶನ ಮುಖ ನೋಡಿದ. ಭೀಮೇಶನಿಗೆ ಅದೇ ಗಳಿಗೆಯಲ್ಲಿ ಗಾಜಿನ ಪೆಟ್ಟಿಗೆಯ ವೈರು ಸರಿಯಾಗಿದೆಯೋ ಇಲ್ಲವೋ ಎಂಬ ಅನುಮಾನ ಬಂದು ಅವನು ಬಗ್ಗಿ ಪ್ಲಗ್ಗು ನೋಡತೊಡಗಿದ. ಮಗ ಸುಳ್ಳು ಹೇಳುವಾಗ ಹೀಗೆ ಕೈಗೆ ಕೆಲಸ ಹುಡುಕಿಕೊಳ್ಳುತ್ತಾನೆ ಎಂದು ತಿಮ್ಮಕ್ಕನಿಗೆ ಅವನು ಮೂರನೇ ಕ್ಲಾಸಿನಲ್ಲಿದ್ದಾಗಿನಿಂದ ಗೊತ್ತು.

*

ಈ ಭೀಮೇಶನಿಗೇ ನಾಲ್ಕು ವರ್ಷವಿದ್ದಾಗ ಜ್ವರ ತಲೆಗೇರಿತ್ತು. ನಾಳೆಯವರೆಗೆ ನೋಡೋಣ ಎಂದು ಡಾಕ್ಟರು ಹೇಳಿದ ದಿನ ಗಂಡಹೆಂಡಿರು ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಬೇಗೂರಿನ ಹಳೆಯ ಶಿವನ ಗುಡಿಗೆ ಹೋದರು. ಅಲ್ಲಿ ಹರಕೆ ಕಟ್ಟಿದರೆ ಸುಳ್ಳಾಗುವುದಿಲ್ಲವೆಂದು ಬೋರಯ್ಯನ ಫ್ಯಾಕ್ಟರಿಯವರು ಹೇಳಿದ್ದರು. ಉಳ್ಳವರು ಬೆಳ್ಳಿ ಕಣ್ಣು ಮಾಡಿಸಿಕೊಡುತ್ತಾರೆ. ಇವರ ಹತ್ತಿರ ಏನಿತ್ತು?

"ನಾನು ಬಣ್ಣ ಬಿಡ್ತೀನಿ" ಎಂದ ಬೋರಯ್ಯ.

"ನಾನು ಪದ ಬಿಡ್ತೀನಿ" ಎಂದಳು ತಿಮ್ಮಕ್ಕ.

ಕೊಡುವುದಾದರೆ ಇದಕ್ಕಿಂತ ದೊಡ್ಡದು ಅವರಲ್ಲಿ ಇರಲಿಲ್ಲ. ಅವನು ಕಿರೀಟವಿಟ್ಟು ನಿಂತರೆ ಊರೆಲ್ಲ ಶಿಳ್ಳೆ ಹೊಡೆಯುತ್ತಿತ್ತು. ಅವಳು ಹಸೆಮಣೆಯ ಪಕ್ಕ ಕೂತು ಸೋಬಾನೆ ಎತ್ತಿದರೆ ಹೆಣ್ಣಿನ ತಾಯಿ ಇರಲಿ, ಗಂಡಿನ ಕಡೆಯವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಎಲೆ ಅಡಿಕೆ ಹಿಡಿದು ಕರೆಯಲು ಬರುತ್ತಿದ್ದ ಹೆಂಗಸರು ಮುಹೂರ್ತವನ್ನು ಬೇಕಾದರೂ ಮುಂದೆ ಹಾಕುತ್ತಿದ್ದರು, ತಿಮ್ಮಕ್ಕನಿಲ್ಲದೆ ಮದುವೆ ಮಾಡುತ್ತಿರಲಿಲ್ಲ. ಹಾಡುವಾಗ ಅವಳಿಗೆ ಹಸಿವಿನ ನೆನಪೂ ಬರುತ್ತಿರಲಿಲ್ಲ.

ಮಗು ಕಣ್ಣು ಬಿಟ್ಟಿತು. ತಿಮ್ಮಕ್ಕ ಬಾಯಿ ಮುಚ್ಚಿದಳು.

ಜಯನಗರದ ಕಾಂಡಿಮೆಂಟ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಪ್ಪಳ ಲಟ್ಟಿಸುವಾಗ ಉಳಿದ ಹೆಂಗಸರು ರೇಡಿಯೋದ ಜೊತೆ ಗುನುಗುತ್ತಿದ್ದರು. ಇವಳು ತುಟಿ ಬಿಚ್ಚುತ್ತಿರಲಿಲ್ಲ. ಅವರು ಸೈಲೆಂಟ್ ಆಂಟಿ ಎಂದು ಹೆಸರಿಟ್ಟರು. ಆಮೇಲೆ ಹುಟ್ಟಿದ ಮೈತ್ರಿಯನ್ನು ಅವಳು ತಟ್ಟಿ ತಟ್ಟಿಯೇ ಮಲಗಿಸಿದಳು, ಒಂದು ಜೋಗುಳ ಹೇಳಲಿಲ್ಲ. ಅದೇ ಮೈತ್ರಿಯ ಅರಿಶಿನದ ದಿನ ಬೀದಿಯ ಮುದುಕಿಯರೆಲ್ಲ ದುಂಬಾಲು ಬಿದ್ದರು. ಮೈತ್ರಿಯೇ ಅರಿಶಿನದ ಕೈಯಲ್ಲಿ ಅವಳ ಗಲ್ಲ ಹಿಡಿದು "ಒಂದೇ ಒಂದು ಪದ ಹೇಳಮ್ಮ, ನನಗೋಸ್ಕರ" ಎಂದಳು. ತಿಮ್ಮಕ್ಕ ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಗೆ ಓಡಿದಳು. ಹಿಂದೆಯೇ ಬೋರಯ್ಯ ಬಂದ. ಬೆನ್ನು ಸವರಿ, "ಕಷ್ಟ ಕಣೇ. ಬಿಟ್ಟೋರಿಗೇ ಗೊತ್ತು ಇದ್ರ ಕಷ್ಟ" ಎಂದ. ಇಂಥ ಗಂಡ ಯಾರಿಗುಂಟು ಎಂದು ಆವತ್ತು ಅವಳು ಹಿಗ್ಗಿದ್ದಳು.

ಭಾನುವಾರ ಅವನು ಓವರ್‌ಟೈಮಿಗೆ ಹೋಗುತ್ತಿದ್ದ. ರಿಟೈರಾದ ಮೇಲೆ ಹಳೆಯ ಗೆಳೆಯರ ಜೊತೆ ಇಸ್ಪೀಟು. ಬಣ್ಣ ಬಿಟ್ಟ ಗಂಡಸಿಗೆ ಅಷ್ಟಾದರೂ ಸುಖ ಬೇಡವೇ ಎಂದು ಅವಳೇ ಒಗ್ಗರಣೆ ಅವಲಕ್ಕಿ ಕಟ್ಟಿಕೊಡುತ್ತಿದ್ದಳು. ಕೆಲಸದಲ್ಲಿದ್ದಾಗ ಅವನ ಕಿವಿಯ ಹಿಂದೆ ಒಮ್ಮೊಮ್ಮೆ ಹಳದಿ ಅಂಟಿಕೊಂಡಿರುತ್ತಿತ್ತು. ಬಟ್ಟೆಯ ಬಣ್ಣ ಎನ್ನುತ್ತಿದ್ದ. ಅವಳೇ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದಳು.

*

"ಒಳಗೆ ಬಾ" ಎಂದು ಮಗನನ್ನು ಅಡುಗೆಮನೆಗೆ ಕರೆದಳು.

"ಅಮ್ಮಾ, ವ್ಯಾನ್ ಬರೋ ಟೈಮು..."

"ಬರ್ಲಿ. ನಿಂಗೆ ಗೊತ್ತಿತ್ತಾ?"

ಭೀಮೇಶ ಲೋಟ ತೆಗೆದುಕೊಂಡು ತೊಳೆಯಲು ಹೋದ. ತಿಮ್ಮಕ್ಕ ಲೋಟ ಕಿತ್ತುಕೊಂಡಳು.

"ನಾನೇ ಗಾಡೀಲಿ ಬಿಟ್ಟು ಬರ್ತಿದ್ದೆ" ಎಂದ ಕೊನೆಗೆ. "ಅಪ್ಪಾನೇ ಹೇಳ್ಬೇಡ ಅಂದಿದ್ರು. ನೀನು ಭಯ ಬೀಳ್ತೀಯ ಅಂತ."

"ನಿನ್ ಜೀವಕ್ಕೆ ಅಂತ ಬಿಟ್ಟಿದ್ದು ಕಣೋ ಅದು."

"ನಾನು ಚೆನ್ನಾಗೇ ಇದ್ದೀನಲ್ಲಮ್ಮ."

ಸಮಾಧಾನವಾದೀತು ಎಂದುಕೊಂಡನೋ ಏನೋ, ಭೀಮೇಶ ಮೊಬೈಲು ತೆಗೆದು ವಿಡಿಯೋ ಹಾಕಿದ. ಕಿರೀಟ, ಭುಜಕೀರ್ತಿ, ದಪ್ಪ ಮೀಸೆ. ಅದರ ಕೆಳಗೆ ಬೋರಯ್ಯನ ಬಾಯಿ. ಹಾಡುತ್ತಿದ್ದ. ಮಗ ಕಿರೀಟ ತೋರಿಸುತ್ತಿದ್ದರೆ ತಿಮ್ಮಕ್ಕ ಗಂಟಲು ಕೇಳುತ್ತಿದ್ದಳು. ಯೌವನದಲ್ಲಿ ಒಡ್ಡೊಡ್ಡಾಗಿದ್ದ ದನಿ ಈಗ ಹಣ್ಣಾಗಿತ್ತು. ಮೇಲೆ ಹೋಗಿ ನಿಂತು, ಅವಸರವಿಲ್ಲದೆ ಇಳಿಯುತ್ತಿತ್ತು. ವರ್ಷಗಟ್ಟಲೆ ದಿನಾ ತಿದ್ದದೆ ಗಂಟಲು ಹೀಗಾಗುವುದಿಲ್ಲ. ಹಾಡು ಚೆನ್ನಾಗಿತ್ತು, ಅದೇ ಅವಳಿಗೆ ತಡೆಯಲಾಗಲಿಲ್ಲ. ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ ಬೈಯಲು ಬೀದಿಯವರೆಲ್ಲ ಜೊತೆಗೆ ಬರುತ್ತಿದ್ದರು. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಹೊರಗೆ ಬಂದು ಬೈರಣ್ಣನ ಎದುರು ಕೂತಳು.

"ಅಣ್ಣ, ದೇವರಿಗೆ ಕೊಟ್ಟ ಮಾತು ಮುರಿದ್ರಲ್ಲ. ಅವರಿಗೆ ಹೆದರಿಕೆ ಆಗ್ಲಿಲ್ವಾ?"

"ಛೆ ಛೆ, ಅಂಥೋರಲ್ಲ ಬಿಡಿ ಅಕ್ಕ." ಸತ್ತವನ ಮಾನ ಉಳಿಸುವ ಆತುರದಲ್ಲಿ ಬೈರಣ್ಣ ಮುಂದೆ ಜರುಗಿದ. "ಮಗು ಹುಷಾರಾಯ್ತಲ್ಲ, ಅದ್ರ ಮುಂದಿನ್ ಶಿವರಾತ್ರೀಲೇ ಪೂಜಾರಪ್ಪನ್ನ ಕೇಳಿ ತಪ್ಪುಕಾಣಿಕೆ ಕಟ್ಟಿದ್ರು. ಹಳದಿ ಬಟ್ಟೇಲಿ ಕಾಸು ಕಟ್ಟಿ, ದೇವ್ರ ಮುಂದಿಟ್ಟು, ಹರಕೆ ಬಿಡಿಸ್ಕೊಂಡ್ರು. ನಾನೇ ಪಕ್ಕದಲ್ಲಿದ್ದೆ. ಒಂದಲ್ಲ, ಎರಡು ಗಂಟು. ಇಬ್ಬರ ಹೆಸರಲ್ಲೂ."

"ಇಬ್ಬರು ಅಂದ್ರೆ?"

"ನಿಮ್ದೂ ಸೇರಿಸಿ ಅಕ್ಕ. ಅವಳೂ ಹಾಡ್ಲಿ ಪಾಪ ಅಂದ್ರು. ಮನೇಗೋಗಿ ಹೇಳ್ತೀನಿ ಅಂದ್ರು. ಆಮೇಲೊಂದಿನ ಕೇಳ್ದೆ, ಹೇಳಿದ್ರಾ ಅಂತ. 'ಹೇಳ್ದೆ, ಅವಳಿಗೇ ಇಷ್ಟ ಇಲ್ಲ, ಅದೆಲ್ಲ ಮರೆತೋಗಿದೆ ಅಂದ್ಲು' ಅಂದ್ರು."

ತಿಮ್ಮಕ್ಕ ಗಾಜಿನೊಳಗಿನ ಮುಖ ನೋಡಿದಳು. ಹೇಗಾಗಿರಬೇಕು ಎಂದು ಅವಳಿಗೆ ಹೊಳೆಯಿತು, ಇಷ್ಟು ವರ್ಷ ಬಾಳಿದವಳಿಗೆ ಹೊಳೆಯದೆ ಇರುತ್ತದೆಯೇ. ನಿನಗೂ ಬಿಡಿಸಿದ್ದೇನೆ ಎನ್ನಬೇಕಾದರೆ ಮೊದಲು ತಾನು ಬಿಡಿಸಿಕೊಂಡೆ ಎನ್ನಬೇಕು. ಮೊದಲ ವರ್ಷ ನಾಚಿಕೆಗೆ ಹೇಳಲಿಲ್ಲ. ಎರಡನೇ ವರ್ಷ, ಮೊದಲ ವರ್ಷ ಹೇಳಲಿಲ್ಲವಲ್ಲ ಎಂದು ಹೇಳಲಿಲ್ಲ. ಮೂರನೇ ವರ್ಷಕ್ಕೆ ಅಭ್ಯಾಸವಾಯಿತು. ಅಡುಗೆಮನೆಯಲ್ಲಿ ಬೆನ್ನು ಸವರಿದನಲ್ಲ, ಆಗ ಹೇಳಬಹುದಿತ್ತು. ಮಗಳು ಹೊರಗೆ ಅರಿಶಿನ ಹಚ್ಚಿಕೊಂಡು ಕಾಯುತ್ತಿದ್ದಳು. ಅಷ್ಟು ಹೊತ್ತಿಗೆ ತಿಮ್ಮಕ್ಕ ಹರಕೆಯಿಂದ ಸ್ವತಂತ್ರಳಾಗಿ ಎಷ್ಟೋ ವರ್ಷವಾಗಿತ್ತು. ಒಂದು ಮಾತು ಸಾಕಿತ್ತು, ಪಾಪಿ, ಒಂದೇ ಮಾತು.

ವ್ಯಾನು ಬಂತು. ಗಾಜು ತೆಗೆದರು. ಬೈರಣ್ಣ ಮೇಷ್ಟ್ರ ಕಡೆಯವರು ಹಾರ್ಮೋನಿಯಂ ಬಿಚ್ಚಿ ತಮ್ಮ ರಾಜನಿಗೆ ಒಂದು ರಂಗಗೀತೆ ಹೇಳಿ ಮುಗಿಸಿದರು. ಬಸಿರಿ ಮೈತ್ರಿ ಅಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು.

"ಅಮ್ಮಾ, ಕೊನೇ ಸಲ ಮುಖ ನೋಡ್ಕೊಂಬಿಡು. ಬೆಳಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕಿಲ್ಲ ನೀನು. ನನಗೆ ಭಯ ಆಗ್ತಿದೆ."

ತಿಮ್ಮಕ್ಕ ಬಗ್ಗಿದಳು. ಬೋರಯ್ಯನ ಕಿವಿಯ ಹತ್ತಿರ ಬಾಯಿ ಇಟ್ಟು ಸೋಬಾನೆ ಎತ್ತಿದಳು. ಮದುಮಗನನ್ನು ಹಸೆಗೆ ಕರೆಯುವ ಪದ. ಒಂದಕ್ಷರವೂ ಮರೆತಿರಲಿಲ್ಲ. ಆದರೆ ದನಿ ಇರಲಿಲ್ಲ. ತುಕ್ಕು ಹಿಡಿದ ಅಂಗಡಿ ಬಾಗಿಲು ಎಳೆದ ಹಾಗೆ ಕರಕರ ಎಂದು ಎದ್ದು ಮೊದಲ ಸಾಲಿನಲ್ಲೇ ಒಡೆದು ಹೋಯಿತು. ಏರಬೇಕಾದ ಕಡೆ ಏರಲಿಲ್ಲ, ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಅವಳು ಬಿಡಲಿಲ್ಲ. ಇನ್ನೂ ಗಟ್ಟಿಯಾಗಿ ಹಾಡಿದಳು.

ಅಮ್ಮ ಕೊನೆಗೂ ಅತ್ತಳು ಎಂದು ಭೀಮೇಶ ಹೋ ಎಂದು ಅಳತೊಡಗಿದ. "ಅಯ್ಯೋ ಪಾಪ, ಎದೆ ಒಡ್ಕೊಂಡು ಅಳ್ತಿದ್ದಾರೆ" ಎಂದು ಬೈರಣ್ಣ ಕಣ್ಣಿಗೆ ಟವೆಲು ಒತ್ತಿಕೊಂಡ. ಮಹಡಿಯ ಮನೆಯಲ್ಲಿ ಬಾಡಿಗೆಗಿದ್ದ ಕಲಬುರಗಿ ಕಡೆಯ ಶರಣಮ್ಮ ಓಡಿ ಬಂದು ಅವಳನ್ನು ಎದೆಗೆ ಒತ್ತಿಕೊಂಡಳು.

"ಅಳ್ರಿ ಯಕ್ಕಾ, ಅತ್ತಬಿಡ್ರಿ. ಒಳಗ ಇಟ್ಕೋಬ್ಯಾಡ್ರಿ" ಎನ್ನುತ್ತ ಸೆರಗಿನಿಂದ ಅವಳ ಕೆನ್ನೆ ಒರೆಸಿದಳು.

ಕೆನ್ನೆ ಒಣಗಿತ್ತು. ತಿಮ್ಮಕ್ಕ ಬಾಯಿಗೆ ಅಡ್ಡ ಬಂದ ಸೆರಗನ್ನು ಪಕ್ಕಕ್ಕೆ ಸರಿಸಿ, ಉಸಿರು ಎಳೆದುಕೊಂಡು, ಎರಡನೇ ನುಡಿ ಎತ್ತಿದಳು.