ಸೇವ್ ಮಾಡದ ಸಾಲು

ಹೊಸದುರ್ಗದಲ್ಲಿ ನೆಟ್ ಕೈಕೊಟ್ಟರೆ ಜನ ಮೊದಲು ಲಕ್ಷ್ಮೀಕಾಂತನಿಗೆ ಫೋನ್ ಮಾಡುತ್ತಾರೆ, ದೇವರನ್ನು ನೆನೆಯುವುದು ಆಮೇಲೆ. ಈ ಮಾತನ್ನು ಊರವರು ಆಡುತ್ತಿದ್ದರೋ ಇಲ್ಲವೋ, ಲಕ್ಷ್ಮೀಕಾಂತನಂತೂ ಆಡಿಕೊಂಡು ತಿರುಗುತ್ತಿದ್ದ. ಕೆಲಸ ಬಲ್ಲವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಗಿಯುವ ಮೊದಲೇ ‘ಆಯ್ತು’ ಎಂದುಬಿಡುವ ಚಟವೊಂದು ಅವನಿಗಿತ್ತು.

ಆ ದಿನ ಬೆಳಿಗ್ಗೆ ಅವನು ಬಸ್‌ಸ್ಟ್ಯಾಂಡ್ ಹಿಂದಿನ ದಿಲಾವರನ ಅಂಗಡಿಯಲ್ಲಿ ಕೂತಿದ್ದ. ಆನ್‌ಲೈನ್ ಅರ್ಜಿ ಹಾಕಿಕೊಡುವ, ಪಹಣಿ ತೆಗೆದುಕೊಡುವ ಅಂಗಡಿ ಅದು. ದಿಲಾವರ ಹೊಸದಾಗಿ ನಾಲ್ಕು ಕಂಪ್ಯೂಟರ್ ತಂದಿದ್ದ. ಕನೆಕ್ಷನ್ ಮಾತ್ರ ಒಂದೇ, ಹೊರಗಿನ ಜಗತ್ತಿಗೆ ಗೊತ್ತಿದ್ದ ನೆಟ್ ವಿಳಾಸವೂ ಒಂದೇ. ಅರ್ಜಿಯ ಪುಟವನ್ನೂ ತೆರೆಯಲಾಗದೆ ಮೂಲೆ ಸೇರಿದ್ದ ಹಳೆಯ ಕಂಪ್ಯೂಟರನ್ನು ಬಾಗಿಲು ಕಾಯುವವನಂತೆ ಕೂರಿಸಿ, ಉಳಿದವೆಲ್ಲ ಅದರ ಮೂಲಕವೇ ಹೋಗಿ ಬರುವಂತೆ ಮಾಡಬೇಕಿತ್ತು. ಲಕ್ಷ್ಮೀಕಾಂತ ಕಪ್ಪು ಪರದೆಯ ಮೇಲೆ ಪಟಪಟನೆ ಕಮಾಂಡ್ ಹೊಡೆದ. ಕೊನೆಯ ಸಾಲಿನಲ್ಲಿ ‘ಮಾಸ್ಕರೇಡ್’ ಎಂಬ ಪದವಿತ್ತು.

“ಅದೇನ್ಲಾ ಕಾಂತ, ಹಂಗಂದ್ರೆ?” ದಿಲಾವರ ಬಗ್ಗಿ ನೋಡಿದ.

“ವೇಷ ಹಾಕೋದು ಭಾಯ್. ಒಳಗಿನ ನಾಕೂ ಈ ಹಳೇದ್ರ ವೇಷ ಹಾಕ್ಕಂಡು ಹೊರಗೆ ಹೋಗ್ತಾವೆ. ಹೊರಗಿನೋರಿಗೆ ಕಾಣೋದು ಇದೊಂದೇ ಮುಖ. ಹಿಂದೆ ಯಾರವ್ರೆ ಅಂತ ಗೊತ್ತೇ ಆಗಲ್ಲ.”

ನಾಲ್ಕರಲ್ಲೂ ನೆಟ್ ಬಂತು. ಇನ್ನು ಆ ಕೊನೆಯ ಸಾಲನ್ನು ಸೇವ್ ಮಾಡುವುದೊಂದೇ ಬಾಕಿ. ಮಾಡದಿದ್ದರೆ ಕಂಪ್ಯೂಟರ್ ಒಮ್ಮೆ ಆಫ್ ಆಗಿ ಮತ್ತೆ ಆನ್ ಆದಾಗ ಹೇಳಿಕೊಟ್ಟದ್ದನ್ನೆಲ್ಲ ಮರೆತು ಕೂರುತ್ತದೆ. ಅಷ್ಟರಲ್ಲಿ ಶ್ರೀರಾಂಪುರದ ಬಸ್ಸು ಹಾರ್ನ್ ಹೊಡೆಯಿತು. ಅಲ್ಲೊಂದು ಕೆಲಸ ಒಪ್ಪಿಕೊಂಡಿದ್ದ.

“ಆಯ್ತಾ?”

“ಆಯ್ತು,” ಎಂದು ಬ್ಯಾಗ್ ಹೆಗಲಿಗೇರಿಸಿ ಓಡಿದ.

ಮಧ್ಯಾಹ್ನ ಶ್ರೀರಾಂಪುರದಲ್ಲಿ ಏಣಿಯ ಮೇಲಿದ್ದಾಗ ದಿಲಾವರನ ಫೋನ್ ಬಂತು.

“ಕಾಂತ, ಕರೆಂಟ್ ಹೋಗಿ ಬಂತು ಮಾರಾಯ, ನೆಟ್ ಬರ್ಲೇ ಇಲ್ಲ. ಬಾಗೂರಿಂದ ಹೇಮಾವತಿ ಅಂತ ಒಬ್ಬಾಕಿ ಬಂದವ್ಳೆ. ಅಂಗನವಾಡಿ ಟೀಚರ್ ಕೆಲ್ಸಕ್ಕೆ ಅರ್ಜಿ, ಇವತ್ತೇ ಕಡೇ ದಿನ, ಸಂಜೆ ಐದಕ್ಕೆ ಮುಚ್ತೈತೆ. ಮುಂದಿನ್ ಸತಿಗೆ ಆಕೀದು ವಯಸ್ಸು ದಾಟೋಗ್ತೈತೆ. ನನ್ ಮೊಬೈಲ್ ನೆಟ್ಟಲ್ಲಿ ಫೋಟೋನೇ ಹತ್ತವಲ್ದು. ಬೇರೆ ಅಂಗಡಿಗೆ ಕಳಿಸ್ಲಾ?”

ಬೆಳಿಗ್ಗೆ ಸೇವ್ ಮಾಡದ ಸಾಲು ಲಕ್ಷ್ಮೀಕಾಂತನಿಗೆ ನೆನಪಾಯಿತು. ಏನಾಗಿದೆಯೆಂದು ಆ ಕ್ಷಣವೇ ಗೊತ್ತಾಯಿತು. ಅದೊಂದು ಸಾಲನ್ನು ಫೋನಿನಲ್ಲೇ ಅಕ್ಷರ ಅಕ್ಷರವಾಗಿ ಹೇಳಿದ್ದರೆ ದಿಲಾವರನೇ ಹೊಡೆದು ಮುಗಿಸುತ್ತಿದ್ದ. ಆದರೆ ಹೇಳಿದರೆ, ಬೆಳಿಗ್ಗೆ ‘ಆಯ್ತು’ ಅಂದಿದ್ದೆಯಲ್ಲ ಎಂಬ ಪ್ರಶ್ನೆ ಬರುತ್ತದೆ. ಅವನ ಬಾಯಿ ಅವನಿಗಿಂತ ಮುಂದೆ ಓಡಿತು.

“ಅದು ಲೈನ್‌ಮನ್ ಮೂರ್ತಪ್ಪನ ಕಡೆ ಪ್ರಾಬ್ಲಂ ಭಾಯ್. ಕಂಬದ್ ಮ್ಯಾಲಿನ ನಮ್ ನೆಟ್ ಡಬ್ಬಿಗೆ ಕರೆಂಟ್ ಕೊಟ್ಟಿಲ್ಲ. ಕೊಟ್ರೆ ತಾನೇ ಬರ್ತೈತೆ. ಎಲ್ಲಾ ಅಂಗಡಿಗೂ ಅದೇ ಲೈನು, ಎಲ್ಲೂ ಹೋಗ್ಬ್ಯಾಡಿ ಅನ್ನು. ನಾನೂ ಬಂದೆ.”

ಯಾರಿಗೂ ತಿಳಿಯದ ಹಾಗೆ ಸರಿಮಾಡಿಬಿಡೋಣ ಎಂಬುದು ಅವನ ಲೆಕ್ಕ. ಬಸ್ಸಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಅದು ಬರುವುದೇ ತಡವಾಯಿತು, ಬಂದದ್ದು ದಾರಿಯಲ್ಲಿ ಟೈರ್ ಪಂಕ್ಚರ್ ಆಗಿ ನಿಂತಿತು. ಅವನು ಅಂಗಡಿ ಮುಟ್ಟುವ ಹೊತ್ತಿಗೆ ಅರ್ಜಿ ತೆಗೆದುಕೊಳ್ಳುವುದು ನಿಂತುಹೋಗಿತ್ತು.

ಯಾರ ಮುಖವನ್ನೂ ನೋಡದೆ ಹಳೆಯ ಕಂಪ್ಯೂಟರಿನ ಮುಂದೆ ಕೂತು ಆ ಸಾಲನ್ನು ಹೊಡೆದ, ಸೇವ್ ಕೂಡ ಮಾಡಿದ. ನಾಲ್ಕೂ ಪರದೆಗಳಲ್ಲಿ ನೆಟ್ ಬಂತು. ಅದನ್ನು ನೋಡುವ ಉತ್ಸಾಹ ಅಲ್ಲಿ ಯಾರಿಗೂ ಇರಲಿಲ್ಲ. ಬೆಂಚಿನ ಮೇಲೆ ಮಡಿಲಲ್ಲಿ ಮಾರ್ಕ್ಸ್‌ಕಾರ್ಡಿನ ಕವರ್ ಇಟ್ಟುಕೊಂಡಿದ್ದ ಹೇಮಾವತಿ ಎದ್ದು ಬಂದು, ಚೀಲದಿಂದ ಬೇಯಿಸಿದ ಕಡಲೆಕಾಯಿ ತೆಗೆದು ಅವನ ಕೈಗೆ ಹಾಕಿದಳು.

“ತಗಳ್ರಿ ಅಣ್ಣ, ಬಿಸ್ಲಾಗೆ ಓಡ್ಕಂಡ್ ಬಂದೀರ. ಕರೆಂಟ್ ಕೈಕೊಟ್ರೆ ನೀವಾದ್ರೂ ಏನ್ ಮಾಡ್ತೀರ? ನನ್ ಹಣೇಬರ.”

ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಮೂರ್ತಪ್ಪ ಬಂದು ನಿಂತ. ದಿಲಾವರ ಫೋನಿನಲ್ಲಿ ಅವನಿಗೆ ಬಾಯಿಗೆ ಬಂದಂತೆ ಬೈದಿದ್ದನಂತೆ. ಇನ್ನೇನು ರಿಟೈರ್ ಆಗುವ ವಯಸ್ಸಿನ ಮನುಷ್ಯ, ಖಾಕಿ ಅಂಗಿಯೆಲ್ಲ ಬೆವರು.

“ತಾಯಿ, ರಿಪೇರಿ ಮುಗ್ಸಿ ಆಗ್ಲೇ ಲೈನ್ ಕೊಟ್ಟೀನಿ. ಆ ಡಬ್ಬಿ ಒಂದುಕ್ಕೆ ಯಾಕ್ ಹೋಗ್ಲಿಲ್ವೋ ತಿಳೀವಲ್ದು. ತಿರುಗ ಕಂಬ ಹತ್ತಿ ನೋಡ್ದೆ, ಎಲ್ಲಾ ಸರ್ಯಾಗೇ ಐತೆ. ಏನೋ ನನ್ ಕೈಯಾಗೇ ತಪ್ಪಾಗೈತೆ. ನನ್ ಸೊಸೇನೂ ನಿನ್ ವಯಸ್ಸಿನೋಳೇ ಕಣವ್ವ. ತಪ್ಪನ್ನ ಹೊಟ್ಟೇಗ್ ಹಾಕ್ಕ.” ಹೀಗೆಂದು ಎರಡೂ ಕೈ ಮುಗಿದ.

ಲಕ್ಷ್ಮೀಕಾಂತನಿಗೆ ತಲೆ ಎತ್ತಲಾಗಲಿಲ್ಲ. ಎಲ್ಲರಿಗೂ ಕಾಣುತ್ತಿದ್ದುದು ಮೂರ್ತಪ್ಪನ ಮುಖ ಒಂದೇ, ಅದರ ಹಿಂದೆ ತಾನು ಬೆಚ್ಚಗೆ ಅಡಗಿ ಕಡಲೆಕಾಯಿ ತಿನ್ನುತ್ತಿದ್ದೇನೆ ಎನ್ನಿಸಿ ತನ್ನ ಮೇಲೇ ಹೇಸಿಗೆಯಾಯಿತು. ಎದ್ದು ಹೋಗಿ ಹಳೆಯ ಕಂಪ್ಯೂಟರಿನ ಪ್ಲಗ್ ಕಿತ್ತ.

“ಲೇ, ಏನ್ಲೇ ಮಾಡ್ತೀಯ!” ದಿಲಾವರ ಕೂಗಿದ.

ಮತ್ತೆ ಪ್ಲಗ್ ಚುಚ್ಚಿದ. ಕಂಪ್ಯೂಟರ್ ಗೊರಗೊರ ಎಂದು ನಿಧಾನಕ್ಕೆ ಎದ್ದಿತು, ಅದರ ಹಿಂದೆಯೇ ನಾಲ್ಕರಲ್ಲೂ ನೆಟ್ ಬಂತು.

“ನೋಡ್ರಿ, ಕರೆಂಟ್ ಹೋಗಿ ಬಂದ್ರೂ ಬರ್ತೈತೆ. ಮಧ್ಯಾನ್ನಾನೂ ಬರ್ಬೇಕಿತ್ತು. ಬೆಳಿಗ್ಗೆ ನಾನು ಸೇವ್ ಮಾಡ್ಲಿಲ್ಲ. ಮೂರ್ತಪ್ಪಂದು ಏನೂ ಇಲ್ಲ ಇದ್ರಾಗೆ.”

ಮೊದಲು ಮಾತಾಡಿದವಳು ಹೇಮಾವತಿ.

“ಮರ್ತಿದ್ದು ಸರಿ. ಯಾರಾದ್ರೂ ಮರೀತಾರೆ. ಭಾಯ್ ಫೋನ್ ಮಾಡ್ದಾಗ ನಾನು ಪಕ್ಕದಾಗೇ ಕುಂತಿದ್ದೆ. ಆಗ ಇನ್ನೂ ಟೈಮಿತ್ತು. ಎಲ್ಲೂ ಹೋಗ್ಬ್ಯಾಡಿ ಅಂದ್ರಲ್ಲ, ಆವಾಗ ಗೊತ್ತಿತ್ತಾ ನಿಮ್ಗೆ?”

ಇಲ್ಲ ಎನ್ನಬಹುದಿತ್ತು. ಅದನ್ನು ಯಾರಿಗೂ ಪ್ಲಗ್ ಕಿತ್ತು ಪರೀಕ್ಷೆ ಮಾಡಲಾಗುತ್ತಿರಲಿಲ್ಲ.

“ಗೊತ್ತಿತ್ತು,” ಎಂದ.

ಅವಳು ಕವರನ್ನು ಚೀಲಕ್ಕಿಟ್ಟು ಸೆರಗು ಸರಿಮಾಡಿಕೊಂಡಳು. ಅಳಲಿಲ್ಲ, ಬೈಯಲೂ ಇಲ್ಲ. ಮೆಟ್ಟಿಲ ಬಳಿ ಚಪ್ಪಲಿ ಮೆಟ್ಟಿಕೊಂಡು, “ಅಣ್ಣ,” ಎಂದಳು.

ಲಕ್ಷ್ಮೀಕಾಂತ ತಟ್ಟನೆ ತಲೆ ಎತ್ತಿದ.

ಅವಳು ಮೂರ್ತಪ್ಪನ ಕಡೆ ನೋಡುತ್ತಿದ್ದಳು. “ನಡೀರಿ ಅಣ್ಣ, ಬಾಗೂರು ಬಸ್ಸಿನ ತಂಕ ಬಿಟ್ಟು ಬರ್ರಿ,” ಎಂದು ಮೆಟ್ಟಿಲಿಳಿದಳು.